ದುಡ್ಡಿದ್ದ ತಂಡವೇ ಗೆಲ್ಲೋದಾದ್ರೆ ಆಟ ನೋಡೋದ್ಯಾಕೆ?

ಓದುಗರ ಪ್ರಶ್ನೆ:

ನಮಸ್ಕಾರ ಸರ್. ನಾವು ದಾವಣಗೆರೆಯವರು, ಪಿಟ್ಸ್‌ಬರ್ಗ್‌ಗೆ ಬಂದು ಒಂಬತ್ತು ವರ್ಷ ಆಯಿತು. ನನಗೆ ಕ್ರಿಕೆಟ್ ಬಿಟ್ಟು ಬೇರೆ ಆಟ ಗೊತ್ತಿರಲಿಲ್ಲ. ಹನ್ನೊಂದು ವರ್ಷದ ಮಗ ಬೇಸ್‌ಬಾಲ್ ಹುಚ್ಚು ಹಿಡಿಸಿದ. ಅವನಿಗೆ ಇಲ್ಲಿನ ತಂಡ ಪೈರೇಟ್ಸ್ ಅಂದರೆ ಪ್ರಾಣ. 2025ರ ಜುಲೈನಲ್ಲಿ ನಮ್ಮ ಪಿಚರ್ (ಚೆಂಡು ಎಸೆಯುವವನು) ಡೇವಿಡ್ ಬೆಡ್ನರ್‌ನನ್ನು ನ್ಯೂಯಾರ್ಕ್‌ನ ಯಾಂಕೀಸ್‌ಗೆ ಕೊಟ್ಟುಬಿಟ್ಟರು. ಬೆಡ್ನರ್ ಇಲ್ಲೇ ಹತ್ತಿರದ ಮಾರ್ಸ್ ಅನ್ನುವ ಊರಿನ ಹುಡುಗ. ಅವತ್ತು ಮಗ ಊಟ ಬಿಟ್ಟು ಕೂತ. ನವೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ಮತ್ತೆ ಕಪ್ ಹೊಡೆಯಿತು. "ಅಪ್ಪಾ, ಸ್ಕೀನ್ಸ್‌ನೂ ಅವ್ರೇ ತಗೊಂಡ್ಬಿಡ್ತಾರಾ?" ಅಂತ ಕೇಳುತ್ತಾನೆ. ಸ್ಕೀನ್ಸ್ ಅಂದರೆ ಪೈರೇಟ್ಸ್‌ನ ದೊಡ್ಡ ಪಿಚರ್. ನನ್ನ ಹತ್ತಿರ ಉತ್ತರ ಇಲ್ಲ. ದುಡ್ಡಿದ್ದವನೇ ಗೆಲ್ಲುತ್ತಾನೆ ಅಂದ ಮೇಲೆ ಇದು ಆಟ ಹೇಗಾಗುತ್ತೆ? ಐಪಿಎಲ್‌ನಲ್ಲಿ ಎಲ್ಲರಿಗೂ ಒಂದೇ ಪರ್ಸ್ ಇದೆಯಲ್ಲ, ಇಲ್ಲೂ ಹಾಗೇ ಮಾಡೋಕೆ ಏನು ಕಷ್ಟ?

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆ ಇವೆ. ದುಡ್ಡಿಂದ ಕಪ್ ಕೊಳ್ಳಬಹುದಾ? ಸಂಬಳಕ್ಕೆ ಮಿತಿ ಹಾಕಿದರೆ ಸರಿಹೋಗುತ್ತಾ? ಸ್ಕೀನ್ಸ್ ಹೋಗಿಬಿಡ್ತಾನಾ? ಮೂರನೆಯದಕ್ಕೆ ಉತ್ತರ ಚಿಕ್ಕದು, ಅದನ್ನು ಕೊನೆಗೆ ಹೇಳುತ್ತೇನೆ. ಉಳಿದೆರಡಕ್ಕೆ ಸ್ವಲ್ಪ ಕೂತು ಮಾತಾಡಬೇಕು. ನಾನು ಕ್ರೀಡಾ ಅರ್ಥಶಾಸ್ತ್ರ ಪಾಠ ಮಾಡುವವನು. ಪ್ರತಿ ವರ್ಷ ತರಗತಿಯ ಮೊದಲ ವಾರ ಯಾರಾದರೂ ಒಬ್ಬರು ನಿಮ್ಮ ಪ್ರಶ್ನೆಯನ್ನೇ ಕೇಳುತ್ತಾರೆ. ವರ್ಷದಿಂದ ವರ್ಷಕ್ಕೆ ತಂಡದ ಹೆಸರು ಮಾತ್ರ ಬದಲಾಗುತ್ತೆ.

ಮೊದಲಿಗೆ, ನಿಮ್ಮ ಸಿಟ್ಟು ಸುಮ್ನೆ ಬಂದದ್ದಲ್ಲ. 2025ರಲ್ಲಿ ಡಾಡ್ಜರ್ಸ್ ಆಟಗಾರರ ಸಂಬಳಕ್ಕೂ ಲೀಗ್‌ಗೆ ಕಟ್ಟುವ ದಂಡಕ್ಕೂ ಸೇರಿ ಖರ್ಚು ಮಾಡಿದ್ದು 50 ಕೋಟಿ ಡಾಲರ್‌ಗೂ ಮೇಲೆ. ದಂಡ ಅಂದರೆ ಲಕ್ಸುರಿ ಟ್ಯಾಕ್ಸ್. ಆ ವರ್ಷ ಸಂಬಳದ ಪಟ್ಟಿ 24.1 ಕೋಟಿ ಡಾಲರ್ ದಾಟಿದ ತಂಡಗಳೆಲ್ಲ ಅದನ್ನು ಕಟ್ಟಬೇಕಿತ್ತು. ಮೂರು ವರ್ಷ ಸತತ ದಾಟಿದ ತಂಡಕ್ಕೆ, ಅತಿ ಮೇಲಿನ ಹಂತದಲ್ಲಿ, ದಾಟಿದ ಒಂದೊಂದು ಡಾಲರ್‌ಗೂ 1 ಡಾಲರ್ 10 ಸೆಂಟ್ ದಂಡ. ಡಾಡ್ಜರ್ಸ್ ದಂಡ ಒಂದೇ 16 ಕೋಟಿ ಡಾಲರ್ ದಾಟಿತು. ಎಷ್ಟೋ ತಂಡಗಳ ಇಡೀ ಸಂಬಳದ ಪಟ್ಟಿ ಅದಕ್ಕಿಂತ ಕಡಿಮೆ. ಅಂದರೆ ಇವರ ದಂಡದಲ್ಲೇ ಇನ್ನೊಂದು ತಂಡ ಸಾಕಬಹುದಿತ್ತು!

ಜತೆಗೆ ಒಂದು ಗಾಳಿಮಾತೂ ಓಡಾಡುತ್ತಿದೆ. ಡಾಡ್ಜರ್ಸ್ ತಾರೆ ಶೋಹೆ ಓಟಾನಿಗೆ 70 ಕೋಟಿ ಡಾಲರ್ ಒಪ್ಪಂದ, ಅದರಲ್ಲಿ 68 ಕೋಟಿ ಆಮೇಲೆ ಕೊಡ್ತಾರಂತೆ, ಹಾಗಾಗಿ ದಂಡ ತಪ್ಪಿಸಿಕೊಂಡರು ಅಂತ. ಅರ್ಧ ನಿಜ. ಅವನಿಗೆ ಈಗ ವರ್ಷಕ್ಕೆ 20 ಲಕ್ಷ ಡಾಲರ್, 2034ರಿಂದ ಹತ್ತು ವರ್ಷ ವರ್ಷಕ್ಕೆ 6.8 ಕೋಟಿ ಡಾಲರ್. ಆದರೆ ದಂಡ ಲೆಕ್ಕ ಹಾಕುವಾಗ ಲೀಗ್ ಆ 20 ಲಕ್ಷವನ್ನು ನೋಡುವುದಿಲ್ಲ. ಮುಂದೆ ಕೊಡುವ ದುಡ್ಡಿನ ಇವತ್ತಿನ ಬೆಲೆ ತೆಗೆದು, ವರ್ಷಕ್ಕೆ ಸುಮಾರು 4.6 ಕೋಟಿ ಅಂತ ಹಿಡಿಯುತ್ತದೆ. ಈ ಅನುಕೂಲ ಮೂವತ್ತು ತಂಡಕ್ಕೂ ಇದೆ. ಬಾಬಿ ಬೊನಿಯಾ ಅನ್ನುವ ಆಟಗಾರ ಆಟ ಬಿಟ್ಟು ಎಷ್ಟೋ ಕಾಲ ಆಯಿತು. ಅವನಿಗೆ ನ್ಯೂಯಾರ್ಕ್‌ನ ಇನ್ನೊಂದು ತಂಡ ಮೆಟ್ಸ್ ಇವತ್ತಿಗೂ ಪ್ರತಿ ಜುಲೈ 1ಕ್ಕೆ ಹನ್ನೆರಡು ಲಕ್ಷ ಡಾಲರ್‌ನಷ್ಟು ಕೊಡುತ್ತಿದೆ, 2035ರವರೆಗೂ ಕೊಡುತ್ತದೆ. ಅಭಿಮಾನಿಗಳು ಆ ದಿನವನ್ನು ಹಬ್ಬದ ತರ ಆಚರಿಸುತ್ತಾರೆ.

ಈಗ ಮುಖ್ಯ ಪ್ರಶ್ನೆ. ದುಡ್ಡು ಕಪ್ ಕೊಡಿಸುತ್ತಾ?

2025ರ ನವೆಂಬರ್ 1, ಟೊರಾಂಟೊ. ವರ್ಲ್ಡ್ ಸೀರೀಸ್‌ನ, ಅಂದರೆ ಕಪ್‌ಗಾಗಿ ನಡೆಯುವ ಫೈನಲ್‌ನ, ಏಳನೇ ಪಂದ್ಯ, ಕೊನೆಯದು. ಒಂಬತ್ತನೇ ಇನ್ನಿಂಗ್ಸ್. ಟೊರಾಂಟೊ 4-3ರಿಂದ ಮುಂದಿದೆ, ಡಾಡ್ಜರ್ಸ್‌ದು ಒಂದು ಔಟ್ ಆಗಿದೆ. ಇನ್ನೆರಡು ಔಟ್ ಬಿದ್ದರೆ 1993ರ ನಂತರ ಮೊದಲ ಸಲ ಟೊರಾಂಟೊಗೆ ಕಪ್. ಬ್ಯಾಟ್ ಹಿಡಿದು ಬಂದವನು ಓಟಾನಿ ಅಲ್ಲ, ಮೂಕಿ ಬೆಟ್ಸ್ ಅಲ್ಲ. ಮಿಗೆಲ್ ರೋಹಾಸ್. ವಯಸ್ಸು 36, ಸರದಿಯಲ್ಲಿ ಒಂಬತ್ತನೆಯವನು, ಸಂಬಳ 50 ಲಕ್ಷ ಡಾಲರ್. ಆ ತಂಡದ ಲೆಕ್ಕದಲ್ಲಿ ಅದು ಚಿಲ್ಲರೆ. ಹೋಮ್ ರನ್‌ಗೆ (ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ) ಹೆಸರಾದವನೂ ಅಲ್ಲ. ಅವನು ಎತ್ತಿ ಹೊಡೆದ. 4-4. ಅದೇ ಇನ್ನಿಂಗ್ಸ್‌ನ ಎರಡನೇ ಅರ್ಧದಲ್ಲಿ ಟೊರಾಂಟೊ ಮೂರೂ ಬೇಸ್‌ನಲ್ಲಿ ಆಟಗಾರರನ್ನು ನಿಲ್ಲಿಸಿತು, ಒಬ್ಬ ಹೋಮ್ (ರನ್ ಎಣಿಸುವ ಜಾಗ) ಮುಟ್ಟಿದರೂ ಗೆಲುವು. ನೆಲದ ಮೇಲೆ ಬಂದ ಚೆಂಡನ್ನು ಅದೇ ರೋಹಾಸ್ ಹಿಡಿದು, ಮುಗ್ಗರಿಸುತ್ತಲೇ ಹೋಮ್‌ಗೆ ಎಸೆದ. ಓಡಿಬಂದವನ ಕಾಲು ಬೀಳುವುದಕ್ಕೂ ಚೆಂಡು ಸೇರುವುದಕ್ಕೂ ಕೂದಲೆಳೆ ಅಂತರ. ರೀಪ್ಲೇ ನೋಡಿ ಔಟ್ ಅಂದರು. ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ ವಿಲ್ ಸ್ಮಿತ್ ಹೋಮ್ ರನ್ ಹೊಡೆದು 5-4ಕ್ಕೆ ಮುಗಿಯಿತು.

ಆ ಎಸೆತ ಒಂದು ಗೇಣು ಆಚೀಚೆ ಹೋಗಿದ್ದರೆ ನೀವು ಈ ಪತ್ರವನ್ನೇ ಬರೆಯುತ್ತಿರಲಿಲ್ಲ. "50 ಕೋಟಿ ಸುರಿದರೂ ಏನೂ ದಕ್ಕಲಿಲ್ಲ" ಅಂತ ಎಲ್ಲರೂ ನಗುತ್ತಿದ್ದರು. ಹಿಂದೆ ನಕ್ಕದ್ದೂ ಉಂಟು. 2022ರಲ್ಲಿ ಡಾಡ್ಜರ್ಸ್ ಸೀಸನ್‌ನ 162ರಲ್ಲಿ 111 ಪಂದ್ಯ ಗೆದ್ದು ಪ್ಲೇಆಫ್‌ಗೆ ಬಂತು. ಅದಕ್ಕಿಂತ 22 ಪಂದ್ಯ ಕಮ್ಮಿ ಗೆದ್ದಿದ್ದ ಸ್ಯಾನ್ ಡಿಯಾಗೊ ಮನೆಗೆ ಕಳಿಸಿತು. 2023ರಲ್ಲಿ 100 ಗೆದ್ದ ಡಾಡ್ಜರ್ಸ್, 84 ಗೆದ್ದ ಆರಿಜೋನಾ ಎದುರು ಮೂರಕ್ಕೆ ಮೂರೂ ಸೋತಿತು.

ತರಗತಿಯಲ್ಲಿ ನಾನು ಒಂದು ಆಟ ಆಡಿಸುತ್ತೇನೆ. ಮೂವತ್ತು ವಿದ್ಯಾರ್ಥಿಗಳಿಗೆ ಒಂದೊಂದು ನಾಣ್ಯ. ಎಲ್ಲರೂ 162 ಸಲ ಚಿಮ್ಮಿಸಬೇಕು, ಹೆಡ್ ಬಿದ್ದರೆ ಗೆಲುವು. ಮನೆಯಲ್ಲಿ ಮಗನ ಜತೆ ನೀವೂ ಮಾಡಿ ನೋಡಿ, ಒಂದು ಸಂಜೆ ಹೋಗುತ್ತೆ. ನಾಣ್ಯಕ್ಕೆ ಪ್ರತಿಭೆ ಇಲ್ಲ, ಸಂಬಳ ಇಲ್ಲ. ಆದರೂ ಎಲ್ಲರಿಗೂ 81 ಬರುವುದಿಲ್ಲ. ಮೂರರಲ್ಲಿ ಎರಡು ಪಾಲು ಜನ 75ರಿಂದ 87ರ ನಡುವೆ ಬೀಳುತ್ತಾರೆ. ಒಬ್ಬ 94 ಗೆದ್ದು ಎದೆಯುಬ್ಬಿಸಿ ನಿಲ್ಲುತ್ತಾನೆ, ಇನ್ನೊಬ್ಬಳು 68ಕ್ಕೆ ಮುಖ ಸಪ್ಪೆ ಮಾಡಿಕೊಳ್ಳುತ್ತಾಳೆ. ಬರೀ ಅದೃಷ್ಟದಿಂದ ಆಗುವ ಈ ಏರುಪೇರನ್ನು ಅಂಕಿಯಲ್ಲಿ ಹೇಳಿದರೆ ಸುಮಾರು 6.4 ಗೆಲುವು. 2025ರ ನಿಜವಾದ ಅಂಕಪಟ್ಟಿ ಇಟ್ಟುಕೊಂಡು ಅದೇ ಲೆಕ್ಕ ಹಾಕಿದರೆ 11.5 ಬರುತ್ತದೆ. ಅಂದರೆ ತಂಡಗಳ ನಡುವಿನ ಅಂತರ ನಾಣ್ಯದ ಆಟಕ್ಕಿಂತ ಹೆಚ್ಚುಕಮ್ಮಿ 1.8 ಪಟ್ಟು. ಪೂರ್ತಿ ಸಮಾನತೆ ಇದ್ದಿದ್ದರೆ ಇದು 1 ಇರಬೇಕಿತ್ತು. ನಮ್ಮ ವೃತ್ತಿಯವರು ಲೀಗ್ ಎಷ್ಟು ಸಮತೂಕವಾಗಿದೆ ಅಂತ ಅಳೆಯುವುದು ಹೀಗೇ.

ಇದರಲ್ಲಿ ಎರಡು ವಿಷಯ ಇದೆ. ಒಂದು, ಅಂತರ ಇರುವುದು ನಿಜ. ಎರಡು, ಉಳಿದ ಆಟಗಳಿಗೆ ಹೋಲಿಸಿದರೆ ಬೇಸ್‌ಬಾಲ್‌ನಲ್ಲಿ ಅದೃಷ್ಟದ ಪಾಲು ದೊಡ್ಡದು. 2024ರ ಶಿಕಾಗೊ ವೈಟ್ ಸಾಕ್ಸ್ 121 ಪಂದ್ಯ ಸೋತು ದಾಖಲೆ ಮಾಡಿತು. ಅಂಥ ತಂಡವೂ 41 ಗೆದ್ದಿದೆ. 2001ರಲ್ಲಿ 116 ಗೆದ್ದ ಸಿಯಾಟಲ್ ವರ್ಲ್ಡ್ ಸೀರೀಸ್‌ವರೆಗೂ ಹೋಗಲಿಲ್ಲ. ಎರಡು ತಂಡ ಏಳು ಪಂದ್ಯ ಆಡಿದರೆ ಯಾವುದು ಮೇಲು ಅಂತ ತಿಳಿಯುವುದಿಲ್ಲ. ಯಾವುದು ಆ ವಾರ ಚೆನ್ನಾಗಿತ್ತು ಅಂತ ಮಾತ್ರ ತಿಳಿಯುತ್ತದೆ.

ಹಾಗಾದರೆ ದುಡ್ಡು ಕೊಡಿಸುವುದೇನು? ಅಕ್ಟೋಬರ್‌ಗೆ, ಅಂದರೆ ಪ್ಲೇಆಫ್‌ಗೆ, ಟಿಕೆಟ್ಟು. ಡಾಡ್ಜರ್ಸ್ 2013ರಿಂದ 2025ರವರೆಗೆ ಹದಿಮೂರು ವರ್ಷ ಒಂದೂ ತಪ್ಪದೆ ಪ್ಲೇಆಫ್ ಆಡಿದೆ. ಲಾಟರಿಯನ್ನು ಎಲ್ಲರೂ ಯಾವಾಗಲೋ ಒಮ್ಮೆ ಕೊಳ್ಳುತ್ತಾರೆ, ಇವರು ಪ್ರತಿ ವರ್ಷ ಕೊಳ್ಳುತ್ತಾರೆ. ಹದಿಮೂರರಲ್ಲಿ ಮೂರು ಸಲ ಹೊಡೆದಿದೆ: 2020, 2024, 2025. ಪ್ರಮುಖ ಆಟಗಾರರಿಗೆ ಗಾಯವಾದರೂ ಬದಲಿಗೆ ಇನ್ನೊಬ್ಬ ಇರುತ್ತಾನೆ. ದುಡ್ಡಿನ ನಿಜವಾದ ಉಪಯೋಗ ಅದೇ. ನಿಮ್ಮ ಪೈರೇಟ್ಸ್ 1993ರಿಂದ 2012ರವರೆಗೆ ಸತತ ಇಪ್ಪತ್ತು ವರ್ಷ ಗೆಲುವಿಗಿಂತ ಸೋಲನ್ನೇ ಜಾಸ್ತಿ ಕಂಡಿತು. ಆಮೇಲೆ 2013, 14, 15ರಲ್ಲಿ ಮೂರು ಟಿಕೆಟ್ ಸಿಕ್ಕಿತು, ಮೂರೂ ಹೊಡೆಯಲಿಲ್ಲ.

ಬರೀ ದುಡ್ಡು ಸಾಲದು ಅನ್ನುವುದಕ್ಕೆ ಮೆಟ್ಸ್ ಸಾಕು. 2023ರಲ್ಲಿ ದಾಖಲೆ ಸಂಬಳ ಕೊಟ್ಟು 75 ಗೆದ್ದು 87 ಸೋತಿತು. (ಆ ವರ್ಷ ಮೆಟ್ಸ್ ನೂರು ಗೆಲ್ಲುತ್ತೆ ಅಂತ ಬಾಜಿ ಕಟ್ಟಿ, ಇಡೀ ತರಗತಿಗೆ ಪಿಜ್ಜಾ ಕೊಡಿಸಿದವನು ನಾನೇ.) ಆಮೇಲೆ ಹುವಾನ್ ಸೋಟೊಗೆ 15 ವರ್ಷಕ್ಕೆ 76.5 ಕೋಟಿ ಡಾಲರ್ ಬರೆದುಕೊಟ್ಟರು. 2025ರ ಕೊನೆಯ ದಿನ ಮಯಾಮಿಯಲ್ಲಿ ಗೆದ್ದಿದ್ದರೆ ಪ್ಲೇಆಫ್ ಸಿಗುತ್ತಿತ್ತು. ಸಂಬಳದ ಪಟ್ಟಿಯಲ್ಲಿ ತಳದಲ್ಲಿದ್ದ ಮಯಾಮಿ 4-0ಯಿಂದ ಸೋಲಿಸಿ ಕಳಿಸಿತು.

ನಮ್ಮ ಹಿರಿಯ ಅಭಿಮಾನಿಗಳು ಹೇಳುವ ಇನ್ನೊಂದು ಮಾತು: ಮೊದಲೆಲ್ಲ ಹೀಗಿರಲಿಲ್ಲ, ಆಟಗಾರರು ಫ್ರೀ ಏಜೆಂಟ್ ಆಗಿ, ಅಂದರೆ ಒಪ್ಪಂದ ಮುಗಿದ ಮೇಲೆ ಸ್ವತಂತ್ರರಾಗಿ, ಕಂಡಕಂಡಲ್ಲಿ ಹೋಗೋಕೆ ಶುರುವಾದ ಮೇಲೆ ಆಟ ಹಾಳಾಯಿತು ಅಂತ. ಇದು ಪೂರ್ತಿ ಉಲ್ಟಾ. 1975ರ ಕೊನೆಯವರೆಗೆ ಆಟಗಾರ ತಂಡದ ಸೊತ್ತಿನ ಹಾಗಿದ್ದ. ಒಪ್ಪಂದ ಮುಗಿದರೂ ಬಿಟ್ಟು ಹೋಗುವ ಹಾಗಿರಲಿಲ್ಲ. ಆ ಕಾಲದಲ್ಲಿ ಸಮಾನತೆ ಹೇಗಿತ್ತು ಗೊತ್ತಾ? 1947ರಿಂದ 1964ರವರೆಗಿನ 18 ವರ್ಷದಲ್ಲಿ 15 ಸಲ ಅಮೆರಿಕನ್ ಲೀಗ್ (ಬೇಸ್‌ಬಾಲ್‌ನ ಎರಡು ವಿಭಾಗಗಳಲ್ಲಿ ಒಂದು) ಗೆದ್ದದ್ದು ಯಾಂಕೀಸ್. 1949ರಿಂದ 53ರವರೆಗೆ ಐದಕ್ಕೆ ಐದು ವರ್ಲ್ಡ್ ಸೀರೀಸ್. ಆಟಗಾರನಿಗೆ ಸ್ವಾತಂತ್ರ್ಯ ಇಲ್ಲದಿದ್ದರೂ ಮಾಲೀಕನಿಗೆ ಮಾರುವ ಸ್ವಾತಂತ್ರ್ಯ ಇತ್ತಲ್ಲ. ಬೇಬ್ ರೂತ್‌ನನ್ನು ಬಾಸ್ಟನ್ ಒಂದು ಲಕ್ಷ ಡಾಲರ್‌ಗೆ ನ್ಯೂಯಾರ್ಕ್‌ಗೆ ಮಾರಿದ್ದು ಹಾಗೇ. 1956ರಲ್ಲೇ ಸೈಮನ್ ರಾಟನ್‌ಬರ್ಗ್ ಅನ್ನುವ ಅರ್ಥಶಾಸ್ತ್ರಜ್ಞ ಇದನ್ನು ಬಿಡಿಸಿ ಹೇಳಿದ್ದ: ಆಟಗಾರ ಯಾರ ಸೊತ್ತಾದರೂ ಕೊನೆಗೆ ಹೋಗಿ ಸೇರುವುದು ಅವನಿಗೆ ಜಾಸ್ತಿ ಬೆಲೆ ಇರುವ ಊರಿಗೇ. ನಿಯಮ ಬದಲಾದರೆ ಬದಲಾಗುವುದು ಆ ದುಡ್ಡು ಯಾರ ಜೇಬಿಗೆ ಹೋಗುತ್ತದೆ ಅನ್ನುವುದು. ಮೊದಲು ಮಾಲೀಕನ ಜೇಬು, ಈಗ ಆಟಗಾರನ ಜೇಬು.

ಫ್ರೀ ಏಜೆನ್ಸಿ ಬಂದ ಮೇಲಿನ ಲೆಕ್ಕವನ್ನೂ ನೋಡಿ. 2001ರಿಂದ 2025ರವರೆಗೆ 25 ವರ್ಷದಲ್ಲಿ 16 ಬೇರೆ ಬೇರೆ ತಂಡ ವರ್ಲ್ಡ್ ಸೀರೀಸ್ ಗೆದ್ದಿವೆ. ಯಾಂಕೀಸ್ 1998ರಿಂದ 2000ದವರೆಗೆ ಸಾಲಾಗಿ ಗೆದ್ದ ಮೇಲೆ, ಡಾಡ್ಜರ್ಸ್ ಬರುವವರೆಗೆ ಯಾರೂ ಎರಡು ವರ್ಷ ಸತತ ಗೆದ್ದಿರಲಿಲ್ಲ. ಸಂಬಳಕ್ಕೆ ಬಿಗಿ ಮಿತಿ ಇರುವ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಇದೇ ಅವಧಿಯಲ್ಲಿ ಗೆದ್ದದ್ದು 13 ತಂಡ. ಅದರಲ್ಲಿ ಆರು ಸಲ ಒಂದೇ ತಂಡ, ನ್ಯೂ ಇಂಗ್ಲೆಂಡ್.

ಐಪಿಎಲ್ ಕಡೆಗೆ ಬರೋಣ. 2025ರ ತಂಡ ಕಟ್ಟಲು ಎಲ್ಲರಿಗೂ ಒಂದೇ 120 ಕೋಟಿ ರೂಪಾಯಿ ಪರ್ಸ್. ಸರಿ. ಆದರೂ ಮೊದಲ 18 ಆವೃತ್ತಿಯಲ್ಲಿ ಮುಂಬೈ ಐದು, ಚೆನ್ನೈ ಐದು. ನಮ್ಮ ಆರ್‌ಸಿಬಿ? "ಈ ಸಲ ಕಪ್ ನಮ್ದೇ" ಅಂತ ಹದಿನೆಂಟು ವರ್ಷ ಕೂಗಿಸಿ 2025ರಲ್ಲಿ ಒಂದು ಕೊಟ್ಟಿತು. ಪರ್ಸ್ ಒಂದೇ ಇದ್ದರೂ ಯಾರನ್ನು ಕೊಳ್ಳಬೇಕು, ಯಾರನ್ನು ಉಳಿಸಿಕೊಳ್ಳಬೇಕು ಅನ್ನುವ ಬುದ್ಧಿ ಒಂದೇ ಇರುವುದಿಲ್ಲ ಅಲ್ವಾ?

ಬೇಸ್‌ಬಾಲ್‌ನಲ್ಲೂ ಇದಕ್ಕೆ ಒಳ್ಳೆ ಉದಾಹರಣೆ ಇದೆ. ಜಪಾನಿನ ಪಿಚರ್ ರೋಕಿ ಸಾಸಾಕಿ 2025ರ ಜನವರಿಯಲ್ಲಿ ಅಮೆರಿಕಕ್ಕೆ ಬಂದ. ವಯಸ್ಸು 25 ದಾಟಿರಲಿಲ್ಲ, ಹಾಗಾಗಿ ಅವನಿಗೆ ಕೊಡುವ ದುಡ್ಡಿಗೆ ಬಿಗಿ ಮಿತಿ ಇತ್ತು. ಯಾವ ತಂಡಕ್ಕೂ ಅವನಿಗೆ ಕೋಟಿಗಟ್ಟಲೆ ಡಾಲರ್ ಸುರಿಯುವ ಅವಕಾಶವೇ ಇರಲಿಲ್ಲ. ಅವನ ಮಟ್ಟಿಗೆ ನೀವು ಕೇಳುವ ನಿಯಮವೇ ಜಾರಿಯಲ್ಲಿತ್ತು. ಅವನು 65 ಲಕ್ಷ ಡಾಲರ್‌ಗೆ ಸಹಿ ಹಾಕಿದ್ದು ಎಲ್ಲಿ? ಡಾಡ್ಜರ್ಸ್‌ನಲ್ಲೇ. ದುಡ್ಡು ಒಂದೇ ಆದಾಗ ಜನ ಬೇರೆಯದನ್ನು ನೋಡುತ್ತಾರೆ. ಒಳ್ಳೆ ಕೋಚ್, ಒಳ್ಳೆ ವೈದ್ಯರು, ಗೆಲ್ಲುವ ಅಭ್ಯಾಸ, ಓಟಾನಿ ಪಕ್ಕ ಕೂರುವ ಅವಕಾಶ. ಡಾಡ್ಜರ್ಸ್ ನಡೆಸುವ ಆಂಡ್ರೂ ಫ್ರೀಡ್‌ಮನ್ ಮೊದಲು ಟ್ಯಾಂಪಾ ಬೇ ಅನ್ನುವ ಬಡ ತಂಡವನ್ನು 2008ರ ವರ್ಲ್ಡ್ ಸೀರೀಸ್‌ಗೆ ಕರೆದೊಯ್ದವನು. ಬಡತನದಲ್ಲಿ ಕಲಿತ ಜಿಪುಣ ಬುದ್ಧಿಗೆ ಶ್ರೀಮಂತನ ಚೆಕ್ ಬುಕ್ ಸಿಕ್ಕಿದೆ. ನನ್ನ ಕೇಳಿದರೆ ಡಾಡ್ಜರ್ಸ್ ಬಗ್ಗೆ ಭಯ ಪಡಬೇಕಾದ್ದು ಅದಕ್ಕೆ.

ಐಪಿಎಲ್‌ಗೂ ಇಲ್ಲಿಗೂ ಎರಡು ದೊಡ್ಡ ವ್ಯತ್ಯಾಸ ಇವೆ. ಮೊದಲನೆಯದು ಟಿವಿ ದುಡ್ಡು. ಐಪಿಎಲ್ ಪಂದ್ಯಗಳ ಪ್ರಸಾರದ ಹಕ್ಕನ್ನು ಮಂಡಳಿಯೇ ಒಟ್ಟಿಗೆ ಮಾರುತ್ತದೆ, ತಂಡಗಳಿಗೆ ಪಾಲು ಬರುತ್ತದೆ. ಅಮೆರಿಕನ್ ಫುಟ್‌ಬಾಲ್‌ನಲ್ಲೂ ಹೆಚ್ಚುಕಮ್ಮಿ ಹಾಗೇ. ಬೇಸ್‌ಬಾಲ್‌ನಲ್ಲಿ ರಾಷ್ಟ್ರೀಯ ಪ್ರಸಾರದ ದುಡ್ಡು ಸಮಪಾಲು, ಆದರೆ ದಿನನಿತ್ಯದ ಪಂದ್ಯಗಳನ್ನು ಪ್ರತಿ ತಂಡ ತನ್ನ ಊರಿನ ಚಾನೆಲ್‌ಗೆ ತಾನೇ ಮಾರಿಕೊಳ್ಳುತ್ತದೆ. ಡಾಡ್ಜರ್ಸ್ 2013ರಲ್ಲಿ ಮಾಡಿಕೊಂಡ ಒಪ್ಪಂದ 25 ವರ್ಷಕ್ಕೆ 835 ಕೋಟಿ ಡಾಲರ್. ವರ್ಷಕ್ಕೆ ಸರಾಸರಿ 33 ಕೋಟಿ ಬಿತ್ತು. ಇತ್ತ ಸಣ್ಣ ಊರುಗಳ ಪಂದ್ಯ ತೋರಿಸುತ್ತಿದ್ದ ದೊಡ್ಡ ಚಾನೆಲ್ ಕಂಪನಿ 2023ರಲ್ಲಿ ದಿವಾಳಿ ಅರ್ಜಿ ಹಾಕಿತು. ಜನ ಕೇಬಲ್ ತೆಗೆಸುತ್ತಿದ್ದಾರೆ, ನೀವೂ ತೆಗೆಸಿರಬಹುದು. ಇವರಿಗೆ ಮಳೆ, ಅವರಿಗೆ ಬರ. ಅಂತರ ಇತ್ತೀಚೆಗೆ ಕಣ್ಣಿಗೆ ಹೊಡೆಯುವಷ್ಟು ಬೆಳೆದದ್ದು ಇಲ್ಲಿಂದ.

ಎರಡನೆಯದು, ಇಲ್ಲಿ ಆಟಗಾರರಿಗೆ ಗಟ್ಟಿ ಸಂಘ ಇದೆ. ಐಪಿಎಲ್ ಪರ್ಸ್ ಎಷ್ಟು ಅಂತ ಮಂಡಳಿ ಹೇಳಿದರೆ ಮುಗಿಯಿತು. ಬೇಸ್‌ಬಾಲ್‌ನಲ್ಲಿ ಸಂಘ ಒಪ್ಪದೆ ಸಂಬಳಕ್ಕೆ ಮಿತಿ ಹಾಕುವ ಹಾಗಿಲ್ಲ, ಸಂಘ ಯಾವತ್ತೂ ಒಪ್ಪಿಲ್ಲ. 1994ರಲ್ಲಿ ಮಾಲೀಕರು ಪಟ್ಟು ಹಿಡಿದರು. ಆಗಸ್ಟ್ 12ಕ್ಕೆ ಮುಷ್ಕರ ಶುರುವಾಯಿತು. 1904ರ ನಂತರ ಮೊದಲ ಸಲ ವರ್ಲ್ಡ್ ಸೀರೀಸ್ ನಡೆಯಲಿಲ್ಲ. 1995ರ ವಸಂತದಲ್ಲಿ ಸೋನಿಯಾ ಸೊಟೊಮಯೋರ್ ಅನ್ನುವ ನ್ಯಾಯಾಧೀಶೆ ಮಾಲೀಕರ ವಿರುದ್ಧ ತಡೆಯಾಜ್ಞೆ ಕೊಟ್ಟ ಮೇಲೆ ಆಟ ಶುರುವಾಯಿತು. ಅವರು ಈಗ ಸುಪ್ರೀಂ ಕೋರ್ಟ್‌ನಲ್ಲಿದ್ದಾರೆ.

ಆ ಮುಷ್ಕರದಲ್ಲಿ ನನಗೆ ಇವತ್ತಿಗೂ ಬೇಜಾರಾಗುವುದು ಮಾಂಟ್ರಿಯಲ್ ಎಕ್ಸ್‌ಪೋಸ್ ಕಥೆ. ಸಂಬಳದ ಪಟ್ಟಿಯಲ್ಲಿ ತಳದ ಕಡೆ ಇದ್ದ ತಂಡ. ಆಟ ನಿಂತ ದಿನ 74 ಗೆಲುವು, 40 ಸೋಲು, ಇಡೀ ಲೀಗ್‌ಗೇ ಮೊದಲು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮರುವರ್ಷ ಒಳ್ಳೊಳ್ಳೆ ಆಟಗಾರರನ್ನು ಕೊಟ್ಟು ಕೈತೊಳೆದುಕೊಂಡರು. ಹತ್ತು ವರ್ಷದಲ್ಲಿ ತಂಡವೇ ಊರು ಬಿಟ್ಟು ವಾಷಿಂಗ್ಟನ್ ಸೇರಿತು. ಸಣ್ಣ ಊರುಗಳನ್ನು ಉಳಿಸುತ್ತೇವೆ ಅಂತ ಶುರುವಾದ ಜಗಳದಲ್ಲಿ ಮುಳುಗಿದ್ದು ಅಂಥದೇ ಒಂದು ತಂಡ.

ಇದನ್ನು ಈಗ ಹೇಳುವುದಕ್ಕೆ ಕಾರಣ ಇದೆ. ಮಾಲೀಕರಿಗೂ ಆಟಗಾರರ ಸಂಘಕ್ಕೂ ನಡುವಿನ ಸದ್ಯದ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಕಳೆದ ಸಲ ಒಪ್ಪಂದ ಮುಗಿದ ಮರುದಿನವೇ ಮಾಲೀಕರು ಲಾಕೌಟ್ ಮಾಡಿ 99 ದಿನ ಬಾಗಿಲು ಹಾಕಿದ್ದರು. ಈ ಸಲವೂ ಸಂಬಳದ ಮಿತಿಯದೇ ಮಾತು. ಡಾಡ್ಜರ್ಸ್ ಮೇಲಿನ ನಿಮ್ಮ ಸಿಟ್ಟು ಆ ಮೇಜಿನ ಮೇಲೆ ಮಾಲೀಕರಿಗೆ ಒಳ್ಳೆ ಆಯುಧ. ಹಾಗಾಗಿ ಮಿತಿ ಬೇಕು ಅನ್ನುವವರನ್ನು ಒಂದು ಪ್ರಶ್ನೆ ಕೇಳಿ: ಮೇಲೆ ಮಿತಿ ಸರಿ, ಕೆಳಗೂ ಒಂದು ಮಿತಿ ಇದೆಯಾ? ಇಷ್ಟಾದರೂ ಖರ್ಚು ಮಾಡಲೇಬೇಕು ಅಂತ?

ಯಾಕೆಂದರೆ, ನನ್ನ ಅನುಭವದಲ್ಲಿ ಬೇಸ್‌ಬಾಲ್‌ನ ರೋಗ ಇರುವುದು ತಳದಲ್ಲಿ. ಪ್ರತಿ ತಂಡ ತನ್ನ ಸ್ಥಳೀಯ ಆದಾಯದ 48% ಒಂದು ಹುಂಡಿಗೆ ಹಾಕಬೇಕು. ಹುಂಡಿಯ ದುಡ್ಡು ಮೂವತ್ತು ಸಮಪಾಲು. ಕೇಳೋಕೆ ಚೆನ್ನಾಗಿದೆ. ಆದರೆ ಮಾಲೀಕನ ಜಾಗದಲ್ಲಿ ಕೂತು ಲೆಕ್ಕ ಹಾಕಿ. ಪಿಟ್ಸ್‌ಬರ್ಗ್ ಒಳ್ಳೆ ಆಟಗಾರನನ್ನು ತಂದು, ಕ್ರೀಡಾಂಗಣ ತುಂಬಿಸಿ ಒಂದು ಡಾಲರ್ ಜಾಸ್ತಿ ದುಡಿದರೆ ಅದರಲ್ಲಿ 48 ಸೆಂಟ್ ಹುಂಡಿಗೆ. ಪಾಲಾಗಿ ವಾಪಸ್ ಬರುವುದು ಒಂದೂವರೆ ಸೆಂಟ್ ಚಿಲ್ಲರೆ. ಸುಮ್ಮನೆ ಕೂತರೆ? ಲಾಸ್ ಏಂಜಲೀಸ್, ನ್ಯೂಯಾರ್ಕ್ ದುಡಿದ ಪಾಲು ತಪ್ಪದೆ ಬರುತ್ತದೆ. ಗೆದ್ದರೂ ಬರುತ್ತೆ, ಸೋತರೂ ಬರುತ್ತೆ. ಯಾರದ್ದೋ ದುಡ್ಡು ಯಲ್ಲಮ್ಮನ ಜಾತ್ರೆ ಅಂತಾರಲ್ಲ, ಇಲ್ಲಿ ಜಾತ್ರೆಯೂ ಇಲ್ಲ. 2018ರಲ್ಲಿ ಆಟಗಾರರ ಸಂಘ, ಹಂಚಿಕೆಯ ದುಡ್ಡನ್ನು ತಂಡ ಕಟ್ಟಲು ಬಳಸುತ್ತಿಲ್ಲ ಅಂತ ನಾಲ್ಕು ತಂಡಗಳ ಮೇಲೆ ದೂರು ಕೊಟ್ಟಿತು. ಪಿಟ್ಸ್‌ಬರ್ಗ್ ಅದರಲ್ಲಿ ಒಂದು. 2025ರಲ್ಲಿ ಪೈರೇಟ್ಸ್ ಮೈದಾನ ಪಿಎನ್‌ಸಿ ಪಾರ್ಕ್‌ನಲ್ಲಿ ಜನ "ತಂಡ ಮಾರಿ" ಅಂತ ಕೂಗಿದ್ದನ್ನು ನೀವೂ ಕೇಳಿರುತ್ತೀರಿ.

ಸಣ್ಣ ಊರಿಗೆ ಸಾಧ್ಯವೇ ಇಲ್ಲ ಅನ್ನುವವರಿಗೆ ನಾನು ಮಿಲ್ವಾಕಿ ತೋರಿಸುತ್ತೇನೆ. ಲೀಗ್‌ನ ಅತಿ ಸಣ್ಣ ಮಾರುಕಟ್ಟೆಗಳಲ್ಲಿ ಒಂದು. 2025ರಲ್ಲಿ 97 ಗೆದ್ದು ಮೂವತ್ತು ತಂಡಕ್ಕೂ ಮೊದಲು ನಿಂತಿತು. ಡಾಡ್ಜರ್ಸ್ ಜತೆ ಆರು ಪಂದ್ಯ ಆಡಿ ಆರೂ ಗೆದ್ದಿತು. ಅಕ್ಟೋಬರ್‌ನಲ್ಲಿ ಅದೇ ಡಾಡ್ಜರ್ಸ್ ಎದುರು ನಾಲ್ಕಕ್ಕೆ ನಾಲ್ಕು ಸೋತಿತು ಅನ್ನುವುದೂ ನಿಜ. ಕೊನೆಯ ಪಂದ್ಯದಲ್ಲಿ ಓಟಾನಿ ಆರು ಇನ್ನಿಂಗ್ಸ್ ಒಂದೂ ರನ್ ಕೊಡದೆ ಎಸೆದು, ಹತ್ತು ಜನರನ್ನು ಸ್ಟ್ರೈಕ್‌ಔಟ್ ಮಾಡಿ, ಮೂರು ಹೋಮ್ ರನ್ನೂ ಹೊಡೆದ. ಅದಕ್ಕೆ ಯಾವ ನಿಯಮ ತಂದು ಏನು ಮಾಡೋದು ಹೇಳಿ.

ಹಾಗಾದರೆ ದಾರಿ ಏನು? ಬಿಗಿ ಮಿತಿ ತಂದರೆ ಡಾಡ್ಜರ್ಸ್‌ನಂಥ ತಂಡದ ಖರ್ಚು ಇಳಿಯುತ್ತದೆ, ಆದರೆ ಉಳಿದ ದುಡ್ಡು ಟಿಕೆಟ್ ದರ ಇಳಿಸಲು ಹೋಗುವುದಿಲ್ಲ, ಮಾಲೀಕರ ಬಳಿ ನಿಲ್ಲುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಒಂದು ಇಡೀ ಸೀಸನ್ ಆದರೂ ಆಶ್ಚರ್ಯ ಇಲ್ಲ. ಐಸ್ ಹಾಕಿಯಲ್ಲಿ ಮಿತಿಗಾಗಿ 2004-05ರ ಸೀಸನ್ ಪೂರ್ತಿ ರದ್ದಾಗಿತ್ತು. ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದು) ಸೋತವರಿಗೆ ಇನ್ನೂ ಜಾಸ್ತಿ ಕೊಡೋಣ ಅಂದರೆ ಬೇಕಂತಲೇ ಸೋಲುವವರು ಹುಟ್ಟುತ್ತಾರೆ. ಹ್ಯೂಸ್ಟನ್ 2011ರಿಂದ ಮೂರು ವರ್ಷ 106, 107, 111 ಸೋತು, ಆ ಫಸಲಿನಿಂದ 2017ರಲ್ಲಿ ಕಪ್ ಎತ್ತಿತು. ಅಂಥದ್ದನ್ನು ತಡೆಯಲೆಂದೇ ಡ್ರಾಫ್ಟ್‌ಗೆ ಲಾಟರಿ ತಂದರು. ಮೊದಲ ಲಾಟರಿ ಗೆದ್ದದ್ದು ಪಿಟ್ಸ್‌ಬರ್ಗ್, ಹಾಗೆ ಸಿಕ್ಕಿದವನೇ ಸ್ಕೀನ್ಸ್.

ನಮ್ಮ ವೃತ್ತಿಯವರಿಗೆ ಇಷ್ಟವಾದ, ಮಾಲೀಕರು ಕಿವಿಗೇ ಹಾಕಿಕೊಳ್ಳದ ಒಂದು ಉಪಾಯ ಇದೆ. ನ್ಯೂಯಾರ್ಕ್‌ಗೆ ಮೂರನೇ ತಂಡ ಕೊಡಿ. ದೊಡ್ಡ ಊರಿನ ಲಾಭವನ್ನು ಹೋಳು ಮಾಡಿದರೆ ಅಂತರ ತಾನೇ ಕಮ್ಮಿಯಾಗುತ್ತದೆ. 1957ರವರೆಗೆ ಅಲ್ಲಿ ಮೂರು ತಂಡ ಇತ್ತು ತಾನೇ? ಆದರೆ ಊರಿನ ಮೇಲಿನ ಹಕ್ಕು ಈಗಿರುವ ತಂಡಗಳದ್ದು, ಅವರು ಬಿಟ್ಟುಕೊಡುವುದಿಲ್ಲ.

ನನಗೆ ಆಗಬಹುದು ಅನಿಸುವುದು ಇಷ್ಟು. ಸ್ಥಳೀಯ ಟಿವಿ ಹಕ್ಕುಗಳನ್ನೂ ಒಟ್ಟುಗೂಡಿಸಿ ಲೀಗ್ ಮಾರಲಿ. ರಾಷ್ಟ್ರೀಯ ಒಪ್ಪಂದಗಳು 2028ಕ್ಕೆ ಮುಗಿಯುತ್ತವೆ, ಕಮಿಷನರ್‌ಗೂ ಆ ಯೋಚನೆ ಇದೆ. ಪಾಲು ಕೊಡುವಾಗ ಷರತ್ತು ಇರಲಿ: ಇಷ್ಟು ಸಂಬಳಕ್ಕೆ ಖರ್ಚು ಮಾಡದವರಿಗೆ ಪಾಲು ಕಡಿತ. ಇದರಲ್ಲೂ ಅಪಾಯ ಇಲ್ಲದೇ ಇಲ್ಲ. ಲೆಕ್ಕ ತೋರಿಸಲೆಂದು ಮುಗಿದುಹೋದ ಆಟಗಾರನಿಗೆ ದೊಡ್ಡ ಸಂಬಳ ಕೊಟ್ಟು ಕೂರಿಸುವವರು ಬರುತ್ತಾರೆ. ಡಾಡ್ಜರ್ಸ್ ಈಗಾಗಲೇ 2038ರವರೆಗೆ ಮಾರಿಕೊಂಡ ಹಕ್ಕನ್ನು ಸುಮ್ಮನೆ ಬಿಟ್ಟುಕೊಡುವುದೂ ಇಲ್ಲ. ಆದರೂ ಸೀಸನ್ ಬಲಿಕೊಡದೆ ಸಿಗಬಹುದಾದ ದಾರಿ ಇದೇ.

ಇನ್ನು ಸ್ಕೀನ್ಸ್. 2025ರಲ್ಲಿ ಅವನ ಸಂಬಳ 8.75 ಲಕ್ಷ ಡಾಲರ್, ಬೋನಸ್ ಬೇರೆ. ಇಆರ್‌ಎ, ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಬಿಟ್ಟುಕೊಟ್ಟ ರನ್, 1.97. ಕಮ್ಮಿ ಇದ್ದಷ್ಟೂ ಒಳ್ಳೆಯದು. ನ್ಯಾಷನಲ್ ಲೀಗ್‌ನ ಶ್ರೇಷ್ಠ ಪಿಚರ್ ಪ್ರಶಸ್ತಿ ಒಂದೂ ಮತ ತಪ್ಪದೆ ಅವನಿಗೇ ಬಂತು. ಅಂಥವನ ಲೆಕ್ಕ ಹತ್ತು ಗೆಲುವು, ಹತ್ತು ಸೋಲು. ಮೇ 18ರಂದು ಫಿಲಡೆಲ್ಫಿಯಾದಲ್ಲಿ ಪೂರ್ತಿ ಪಂದ್ಯ ಒಬ್ಬನೇ ಎಸೆದ, ಕೊಟ್ಟದ್ದು ಒಂದೇ ರನ್. ಪೈರೇಟ್ಸ್ ಬ್ಯಾಟಿನಿಂದ ಒಂದೂ ಬರಲಿಲ್ಲ. 1-0, ಸೋಲು ಅವನ ಹೆಸರಿಗೆ. ಅವತ್ತು ಅವನಿಗೆ ಬೇಕಿದ್ದದ್ದು ಓಟಾನಿ ಅಲ್ಲ, ಎರಡು ರನ್ ಹೊಡೆಯುವ ಯಾರಾದರೂ ಒಬ್ಬರು.

ಮಗನಿಗೆ ಹೀಗೆ ಹೇಳಿ. ಆಟಗಾರ ಆರು ವರ್ಷದ ಸೇವೆ ಮುಗಿಸದೆ ಫ್ರೀ ಏಜೆಂಟ್ ಆಗುವಂತಿಲ್ಲ, ಹಾಗಾಗಿ ಸ್ಕೀನ್ಸ್ 2029ರ ಸೀಸನ್ ಮುಗಿಯುವವರೆಗೆ ಪಿಟ್ಸ್‌ಬರ್ಗ್‌ನವನು. ಅಲ್ಲಿಯವರೆಗೆ ಡಾಡ್ಜರ್ಸ್ ಎಷ್ಟೇ ದುಡ್ಡು ಇಟ್ಟುಕೊಂಡು ಕೂತರೂ ಅವನನ್ನು ನೇರವಾಗಿ ಕೊಳ್ಳಲು ಆಗುವುದಿಲ್ಲ. ಬೆಡ್ನರ್‌ನ ಹಾಗೆ ಪೈರೇಟ್ಸ್ ತಾನಾಗಿ ಕೊಟ್ಟರೆ ಮಾತ್ರ ಹೋಗುತ್ತಾನೆ. 2029ಕ್ಕೆ ನಿಮ್ಮ ಹುಡುಗ ಹೈಸ್ಕೂಲಿನಲ್ಲಿರುತ್ತಾನೆ. ಅಷ್ಟರೊಳಗೆ ಸ್ಕೀನ್ಸ್ ಎಸೆಯುವ ದಿನ ನೋಡಿಕೊಂಡು ಪಿಎನ್‌ಸಿ ಪಾರ್ಕ್‌ಗೆ ಟಿಕೆಟ್ ತೆಗೆಯಿರಿ. ಪಿಚರ್‌ಗಳ ಸರದಿ ಕೆಲವು ದಿನ ಮೊದಲೇ ಗೊತ್ತಾಗುತ್ತದೆ. ಮೂರನೇ ಬೇಸ್ ಕಡೆ ಮೇಲಿನ ಸೀಟು ಸಾಕು. ಅಲ್ಲಿಂದ ನದಿ, ಸೇತುವೆ ಎರಡೂ ಕಾಣುತ್ತವೆ.